ಆಯಿಲ್ ಸೋರಿದ್ದು ಮೇಲೆ, ನೀವು ಬಿಚ್ಚಿದ್ದು ಕೆಳಗೆ

ಇವರಿಗೆ,
ಸರ್ವಿಸ್ ವಿಭಾಗದ ಮುಖ್ಯಸ್ಥರು,
ಅಧಿಕೃತ ಸರ್ವಿಸ್ ಸೆಂಟರ್, ಹಾಸನ

ವಿಷಯ: ಎಂಜಿನ್ ಆಯಿಲ್ ಸೋರಿಕೆಗೆ ಬೇಡದ ಕೆಲಸ ಮಾಡಿ ಹಣ ಪಡೆದದ್ದು, ಮತ್ತು ಕೌಂಟರಿನಲ್ಲಿ ನನ್ನನ್ನು ನಡೆಸಿಕೊಂಡ ರೀತಿ

ಮಾನ್ಯರೇ,

ನಿನ್ನೆ ನಿಮ್ಮ ಕಡೆಯಿಂದ ಒಂದು ಮೆಸೇಜ್ ಬಂತು. "ನಿಮ್ಮ ದೂರು ಮುಕ್ತಾಯವಾಗಿದೆ, ಗ್ರಾಹಕರು ತೃಪ್ತರಾಗಿದ್ದಾರೆ" ಅಂತ. ಯಾರು ತೃಪ್ತರಾದರು? ನನ್ನನ್ನು ಯಾರೂ ಕೇಳಿಲ್ಲ. ಇಷ್ಟು ದಿನ ಫೋನಿನಲ್ಲಿ ಮೆತ್ತಗೆ ಮಾತಾಡಿದೆ. ಪ್ರತಿ ಸಲವೂ "ಸೂಪರ್‌ವೈಸರ್ ಹತ್ರ ಮಾತಾಡಿ ವಾಪಸ್ ಫೋನ್ ಮಾಡ್ತೀವಿ ಮೇಡಂ" ಎಂದರು. ಯಾರೂ ಮಾಡಲಿಲ್ಲ. ಕೇಳದೆಯೇ ನನ್ನ ಹೆಸರಿನಲ್ಲಿ ತೃಪ್ತಿ ಬರೆದುಕೊಂಡಿದ್ದೀರಿ ಎಂದ ಮೇಲೆ ಇನ್ನು ಫೋನಿನ ಮಾತು ಬೇಡ. ಬರೆದೇ ಕೊಡುತ್ತಿದ್ದೇನೆ. ಜಾಬ್ ಕಾರ್ಡ್, ಬಿಲ್, ಫೋಟೋ ಎಲ್ಲದರ ಪ್ರತಿ ಜೊತೆಗಿದೆ.

ನನ್ನದು ಆರು ವರ್ಷ ಹಳೆಯ ಸಣ್ಣ ಪೆಟ್ರೋಲ್ ಕಾರು. ಕೊಂಡಾಗಿನಿಂದ ಎಲ್ಲ ಸರ್ವಿಸೂ ನಿಮ್ಮಲ್ಲೇ. ಸಕಲೇಶಪುರ ರಸ್ತೆಯಲ್ಲಿರುವ ಶಾಲೆಗೆ ದಿನಾ ಅದರಲ್ಲೇ ಹೋಗುತ್ತೇನೆ. ಮಳೆಗಾಲ ಮುಗಿಯುವ ಹೊತ್ತಿಗೆ, ಗಾಡಿ ನಿಲ್ಲಿಸಿದಾಗಲೆಲ್ಲ ಸುಟ್ಟ ಎಣ್ಣೆಯ ವಾಸನೆ ಬರಲು ಶುರುವಾಯಿತು. ಮನೆಯ ಮುಂದೆ ನೆಲದ ಮೇಲೆ ಕಪ್ಪು ಕಲೆ. ನನ್ನ ತಂದೆ ಕೆಎಸ್‌ಆರ್‌ಟಿಸಿ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದವರು. ಎಣ್ಣೆ ಕಂಡರೆ ಮೊದಲು ಎಲ್ಲಿಂದ ಬಂತು ನೋಡು, ಆಮೇಲೆ ಸ್ಪ್ಯಾನರ್ ಮುಟ್ಟು ಎಂದು ಹೇಳಿಕೊಟ್ಟವರು. ಅವರು ಹೇಳಿದಂತೆಯೇ ಮಾಡಿದೆ. ರಾತ್ರಿ ಎಂಜಿನ್ ಕೆಳಗೆ ಅಗಲವಾದ ರಟ್ಟು ಹಾಸಿದೆ. ಬೆಳಿಗ್ಗೆ ನೋಡಿದರೆ ಹನಿ ಬಿದ್ದದ್ದು ಎಂಜಿನ್ನೂ ಗೇರ್‌ಬಾಕ್ಸೂ ಕೂಡುವ ಜಾಗದ ಕೆಳಗೆ. ಬಾನೆಟ್ ಎತ್ತಿ ಟಾರ್ಚ್ ಬಿಟ್ಟರೆ, ಟ್ಯಾಪೆಟ್ ಕವರಿನ, ಅಂದರೆ ಎಂಜಿನ್ನಿನ ಮೇಲಿನ ಮುಚ್ಚಳದ, ಹಿಂದಿನ ಅಂಚು ಪೂರ್ತಿ ಒದ್ದೆ. ಅದಕ್ಕೆ ಧೂಳು ಮೆತ್ತಿ ಕಪ್ಪಗೆ ಗಟ್ಟಿಯಾಗಿತ್ತು. ಬಟ್ಟೆಯಲ್ಲಿ ಒರೆಸಿ, ಪೇಟೆಗೆ ಹೋಗಿ ಬಂದು ಮತ್ತೆ ನೋಡಿದೆ. ಅದೇ ಅಂಚಿನಲ್ಲಿ ಹೊಸ ಎಣ್ಣೆ. ಎಲ್ಲದರ ಫೋಟೋ ತೆಗೆದಿಟ್ಟೆ.

ಟ್ಯಾಪೆಟ್ ಕವರಿನ ಕೆಳಗಿರುವುದು ಒಂದು ರಬ್ಬರ್ ಪ್ಯಾಕಿಂಗ್. ಎಂಜಿನ್ ಬಿಸಿಗೆ ವರ್ಷ ಕಳೆದಂತೆ ಅದು ಗಟ್ಟಿಯಾಗುತ್ತದೆ, ಒತ್ತಿ ಕೂರುವ ಗುಣ ಕಳೆದುಕೊಳ್ಳುತ್ತದೆ. ಆಗ ಎಣ್ಣೆ ಜಿನುಗಿ ಎಂಜಿನ್ನಿನ ಬೆನ್ನಿನ ಮೇಲೆ ಇಳಿಯುತ್ತದೆ. ದಾರಿಯಲ್ಲಿ ಬಿಸಿ ಸೈಲೆನ್ಸರ್ ಪೈಪಿಗೆ ತಾಗಿದರೆ ಸುಟ್ಟ ವಾಸನೆ, ಹೊಗೆ. ಉಳಿದದ್ದು ಗೇರ್‌ಬಾಕ್ಸ್ ಕೂಡುವ ಜಾಗಕ್ಕೆ ಬಂದು ಅಲ್ಲಿಂದ ನೆಲಕ್ಕೆ ಹನಿಯುತ್ತದೆ. ಎಂಜಿನ್ನಿನ ಕೆಳಭಾಗದಲ್ಲಿ ತಿರುಗುವ ದಂಡ, ಅಂದರೆ ಕ್ರ್ಯಾಂಕ್, ಅದರ ಹಿಂದಿನ ತುದಿಯ ಆಯಿಲ್ ಸೀಲ್ ಹೋದರೂ ಹನಿ ಬೀಳುವುದು ಅದೇ ಜಾಗದಲ್ಲಿ. ಕೆಳಗಿನಿಂದ ಮಾತ್ರ ನೋಡಿದರೆ ಯಾವುದು ಯಾವುದು ಅಂತ ಗೊತ್ತಾಗುವುದಿಲ್ಲ. ಅದಕ್ಕೇ ಮೊದಲು ಎಂಜಿನ್ ತೊಳೆದು, ಒಣಗಿಸಿ, ಸ್ವಲ್ಪ ಹೊತ್ತು ಓಡಿಸಿ, ಮೇಲಿನಿಂದ ಕೆಳಕ್ಕೆ ನೋಡುತ್ತಾ ಬರಬೇಕು. ಆಗಲೂ ಅನುಮಾನವಿದ್ದರೆ ಆಯಿಲ್‌ಗೆ ಹೊಳೆಯುವ ಬಣ್ಣ ಬೆರೆಸಿ ಯುವಿ ಲೈಟ್ ಹಿಡಿದು ನೋಡುವ ವ್ಯವಸ್ಥೆ ಇದೆ. ಇದನ್ನು ನಾನು ನಿಮಗೆ ಹೇಳಿಕೊಡಬೇಕಾಗಿಲ್ಲ. ನಿಮ್ಮ ಹುಡುಗರಿಗೆ ಇದರದ್ದೇ ಟ್ರೈನಿಂಗ್ ಆಗಿರುತ್ತದೆ.

ಇದನ್ನೆಲ್ಲ ನಾನು ಮೊದಲ ಸಲ ಬಂದಾಗಲೇ ಹೇಳಿದೆ. ಫೋಟೋ ತೋರಿಸಿದೆ. "ಟ್ಯಾಪೆಟ್ ಕವರ್ ಹಿಂದೆ ಒದ್ದೆ ಇದೆ, ದಯವಿಟ್ಟು ನೋಡಿ" ಎಂದು ಜಾಬ್ ಕಾರ್ಡಿನಲ್ಲಿ ಬರೆಸಿದೆ ಕೂಡ. ಆ ಸಾಲು ನಿಮ್ಮ ಪ್ರತಿಯಲ್ಲೂ ಇರಬೇಕು, ನೋಡಿಕೊಳ್ಳಿ.

ಸಂಜೆ ಫೋನ್ ಬಂತು. ಹಿಂದಿನ ಆಯಿಲ್ ಸೀಲ್ ಹೋಗಿದೆ, ಗೇರ್‌ಬಾಕ್ಸ್ ಇಳಿಸಬೇಕು, ಇಳಿಸಿದ ಮೇಲೆ ಕ್ಲಚ್ ಸೆಟ್ಟೂ ಹಾಕಿಸಿಬಿಡಿ ಎಂದರು. ಗೇರ್‌ಬಾಕ್ಸ್ ಇಳಿಸಿ ನೋಡುವುದು ಮನೆಯಲ್ಲಿ ಆಗುವ ಕೆಲಸವಲ್ಲ. ಅಲ್ಲಿ ನಾನು ನಿಮ್ಮ ಮಾತನ್ನು ನಂಬಲೇಬೇಕಿತ್ತು. ಒಪ್ಪಿದೆ. ಬಿಲ್ಲು ಹೀಗಿತ್ತು: ಸೀಲ್ ₹620, ಕ್ಲಚ್ ಸೆಟ್ ₹6,400, ಲೇಬರ್ ₹5,200, ಆಯಿಲ್ ಮತ್ತು ಫಿಲ್ಟರ್ ₹2,350, ಎಂಜಿನ್ ಡ್ರೆಸ್ಸಿಂಗ್ ₹850. ತೆರಿಗೆ ಸೇರಿ ₹18,196.

ಎಂಜಿನ್ ಡ್ರೆಸ್ಸಿಂಗ್ ಬಗ್ಗೆ ಒಂದು ಮಾತು. ನಾನು ಅದನ್ನು ಕೇಳಿರಲಿಲ್ಲ. ಎಣ್ಣೆ ಎಲ್ಲಿಂದ ಸೋರುತ್ತಿದೆ ಎಂದು ಹುಡುಕಬೇಕಾದ ಎಂಜಿನ್ನಿನ ಮೇಲೆ ಪಳಪಳ ಹೊಳೆಯುವ ಸ್ಪ್ರೇ ಹೊಡೆದು ಕೊಟ್ಟಿರಿ. ಸುಮಾರು ದಿನ ಅದರ ಮೇಲೆ ಏನು ಒದ್ದೆ, ಏನು ಹೊಳಪು ಅಂತಲೇ ತಿಳಿಯಲಿಲ್ಲ. ಹಳೆಯ ಸೀಲ್, ಹಳೆಯ ಕ್ಲಚ್ ಪ್ಲೇಟ್ ಕೊಡಿ ಎಂದರೆ "ಸ್ಕ್ರ್ಯಾಪ್‌ಗೆ ಹೋಯ್ತು" ಎಂದರು. ಬದಲಿಸಿದ ಭಾಗಗಳನ್ನು ಕೇಳಿ ಪಡೆಯಿರಿ ಎಂಬ ಬೋರ್ಡ್ ನಿಮ್ಮದೇ ಕೌಂಟರಿನ ಹಿಂದೆ ನೇತಾಡುತ್ತಿದೆ.

ಹೊಳಪು ಇಳಿಯಿತು. ಅದೇ ವಾಸನೆ, ಅದೇ ಕಲೆ, ಅದೇ ಅಂಚು. ನಿಮ್ಮ ಬಿಲ್ಲಿನ ಹಿಂದೆ, ಮಾಡಿದ ಕೆಲಸಕ್ಕೆ 3 ತಿಂಗಳು ಅಥವಾ 5,000 ಕಿಲೋಮೀಟರ್ ಗ್ಯಾರಂಟಿ ಎಂದು ಅಚ್ಚಾಗಿದೆ. ಆ ಅವಧಿಯೊಳಗೇ ಮತ್ತೆ ಬಂದೆ.

ಅವತ್ತು ಕೌಂಟರಿನಲ್ಲಿ ನಡೆದದ್ದನ್ನು ಇದ್ದದ್ದು ಇದ್ದಂತೆ ಬರೆಯುತ್ತೇನೆ. ಸಿಸಿಟಿವಿ ಇದೆ, ಬೇಕಾದರೆ ತಾಳೆ ನೋಡಿ. ಸರ್ವಿಸ್ ಅಡ್ವೈಸರ್ ಕಂಪ್ಯೂಟರಿನಿಂದ ತಲೆ ಎತ್ತಲಿಲ್ಲ. "ಮತ್ತೆ ಲೀಕಾ? ಹೊರಗೆ ಎಲ್ಲಾದ್ರೂ ತೋರಿಸಿದ್ರಾ?" ಎಂದರು. ಇಲ್ಲ ಎಂದೆ. "ಮತ್ಯಾರು ಕೈ ಹಾಕಿದ್ದು?" ಯಾರೂ ಇಲ್ಲ, ಬಾನೆಟ್ ಎತ್ತಿ ನೋಡಿದ್ದೇನೆ ಅಷ್ಟೇ ಎಂದೆ. ಆಗ ತಲೆ ಎತ್ತಿದರು. "ನೀವಾ?"

ಫೋಟೋ ತೋರಿಸಲು ಫೋನ್ ಮುಂದೆ ಚಾಚಿದೆ. ಅವರು ತೆಗೆದುಕೊಳ್ಳಲಿಲ್ಲ. ಪಕ್ಕದಲ್ಲಿದ್ದ ಇನ್ನೊಬ್ಬರಿಗೆ ತೋರಿಸುವಂತೆ ಗಲ್ಲ ಎತ್ತಿ, "ಮೇಡಂ ರಟ್ಟು ಹಾಸಿ ಚೆಕ್ ಮಾಡಿದ್ದಾರಂತೆ" ಎಂದರು. ಆತ ನಕ್ಕ. ಸೋಫಾದಲ್ಲಿ ಕೂತಿದ್ದವರೂ ತಿರುಗಿ ನೋಡಿದರು. ಅವರಲ್ಲಿ ನನ್ನ ಶಾಲೆಯ ಒಬ್ಬ ಹುಡುಗನ ತಂದೆಯೂ ಇದ್ದರು. ನಾನು ಸಮಾಧಾನದಿಂದಲೇ ಕೇಳಿದೆ: "ಸೀಲ್ ಹೋಗಿದ್ದರೆ ಎಣ್ಣೆ ಕೆಳಗಿರಬೇಕು, ಅಲ್ವಾ? ಟ್ಯಾಪೆಟ್ ಕವರ್ ಹತ್ತಿರ ಹೇಗೆ ಬರುತ್ತೆ? ಎಣ್ಣೆ ಮೇಲಕ್ಕೆ ಹತ್ತಲ್ಲವಲ್ಲ." ಅದಕ್ಕೆ ಉತ್ತರ ಬರಲಿಲ್ಲ. ಬಂದದ್ದು ಇದು: "ಯೂಟ್ಯೂಬ್ ನೋಡಿ ಎಂಜಿನ್ ಅರ್ಥ ಆಗಲ್ಲ ಮೇಡಂ. ಮನೇಲಿ ಗಂಡಸರು ಯಾರಾದ್ರೂ ಇದ್ರೆ ಕಳಿಸಿ, ಅವರಿಗೆ ಹೇಳ್ತೀನಿ."

ಈ ಮಾತನ್ನು ಆತ ಮೆಲ್ಲಗೆ ಹೇಳಲಿಲ್ಲ. ಕೋಪದಲ್ಲೂ ಹೇಳಲಿಲ್ಲ. ದಿನಾ ಹೇಳಿ ರೂಢಿಯಾದವರಂತೆ ಹೇಳಿ, ಮತ್ತೆ ಟೈಪ್ ಮಾಡತೊಡಗಿದರು. ಗಾಡಿ ನನ್ನ ಹೆಸರಿನಲ್ಲಿದೆ. ಸಾಲ ತೀರಿಸಿದ್ದು ನಾನು. ಓಡಿಸುವುದು ನಾನು. ಹಣ ತೆಗೆದುಕೊಳ್ಳುವಾಗ ಮನೆಯ ಗಂಡಸರನ್ನು ಯಾರೂ ಕೇಳಿರಲಿಲ್ಲ.

ನಾನು ಅಲ್ಲಿಂದ ಏಳಲಿಲ್ಲ. ಗ್ಯಾರಂಟಿಯ ಸಾಲಿನ ಮೇಲೆ ಬೆರಳಿಟ್ಟು ತೋರಿಸಿದೆ. "ಅದು ಸೀಲ್‌ಗೆ ಮಾತ್ರ. ಇದು ಬೇರೆ ಲೀಕ್" ಎಂದರು. ನೋಡದೆಯೇ ಹೇಗೆ ಗೊತ್ತಾಯಿತು ಎಂದರೆ, ಒಳಗೆ ಹೋಗಿ ಎರಡು ನಿಮಿಷಕ್ಕೆ ವಾಪಸ್ ಬಂದು ಹೊಸ ಎಸ್ಟಿಮೇಟ್ ಇಟ್ಟರು. ಹೆಡ್, ಅಂದರೆ ಎಂಜಿನ್ನಿನ ಮೇಲ್ಭಾಗವನ್ನೇ ಇಳಿಸಬೇಕು, ಅದರ ಕೆಳಗಿನ ಹೆಡ್ ಗ್ಯಾಸ್ಕೆಟ್ ಹಾಕಬೇಕು, ₹28,000 ಆಗಬಹುದು. ಬಾನೆಟ್ ಎತ್ತಿದ್ದನ್ನು ನಾನು ನೋಡಲಿಲ್ಲ. ಕೀ ನನ್ನ ಕೈಯಲ್ಲೇ ಇತ್ತು.

ಕಾರು ವಾಪಸ್ ತಂದೆ. ಹಾಸನದ ಬಿಡಿಭಾಗದ ಅಂಗಡಿಯಲ್ಲಿ ಕಂಪನಿಯದ್ದೇ ಟ್ಯಾಪೆಟ್ ಕವರ್ ಪ್ಯಾಕಿಂಗ್ ಸೆಟ್ ಕೊಂಡೆ. ₹540. ಭಾನುವಾರ ಎಂಜಿನ್ ಪೂರ್ತಿ ತಣ್ಣಗಿರುವಾಗ ಕೆಲಸ ಶುರು ಮಾಡಿದೆ. ತಂದೆ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕೂತರು. ಬ್ಯಾಟರಿ ವೈರ್ ತೆಗೆದು, ಕಾಯಿಲ್‌ಗಳನ್ನು ಬಿಚ್ಚಿದರೆ ಸ್ಪಾರ್ಕ್ ಪ್ಲಗ್ ಕೂರುವ ಗುಂಡಿಗಳಲ್ಲೂ ಎಣ್ಣೆ ನಿಂತಿತ್ತು. ಸಂಶಯಕ್ಕೆ ಜಾಗವೇ ಉಳಿಯಲಿಲ್ಲ. ಆ ಗುಂಡಿಗಳ ಸುತ್ತಲಿನ ಸೀಲೂ ಇದೇ ಸೆಟ್ಟಿನಲ್ಲಿ ಬರುತ್ತದೆ. ಕ್ರ್ಯಾಂಕಿನ ಹಿಂದಿನ ಸೀಲಿಗೂ ಆ ಗುಂಡಿಗೂ ಸಂಬಂಧವೇ ಇಲ್ಲ.

ಹತ್ತರ ಸಾಕೆಟ್ಟಿನಲ್ಲಿ ಕವರಿನ ಬೋಲ್ಟ್‌ಗಳನ್ನು ಬಿಚ್ಚಿದೆ. ಹಳೆಯ ಪ್ಯಾಕಿಂಗ್ ಬಗ್ಗಿಸಿದರೆ ಮುರಿಯಿತು, ಅಷ್ಟು ಒಣಗಿತ್ತು. ಅದನ್ನು ಎತ್ತಿಟ್ಟಿದ್ದೇನೆ, ಫೋಟೋ ಕಳಿಸುತ್ತಿದ್ದೇನೆ. ಕವರ್ ಕೂರುವ ಅಂಚನ್ನು ಒಂದು ಚೂರೂ ಒಳಗೆ ಬೀಳದ ಹಾಗೆ ಒರೆಸಿದೆ. ಹೆಡ್ಡೂ ಟೈಮಿಂಗ್ ಕವರೂ ಕೂಡುವ ಮೂಲೆಗಳಲ್ಲಿ ಮಾತ್ರ ಸ್ವಲ್ಪ ಸಿಲಿಕಾನ್ ಹಚ್ಚಿದೆ. ಬೋಲ್ಟ್‌ಗಳನ್ನು ನಡುವಿನಿಂದ ಆಚೆಗೆ, ಟಾರ್ಕ್ ವ್ರೆಂಚಿನಲ್ಲಿ, ಸಮನಾಗಿ ಬಿಗಿ ಮಾಡಿದೆ. ಇಂಥ ಸಣ್ಣ ಎಂಜಿನ್ನುಗಳಲ್ಲಿ ಆ ಬೋಲ್ಟ್‌ಗೆ ಬೇಕಾದದ್ದು ಸುಮಾರು 10 ನ್ಯೂಟನ್ ಮೀಟರ್ ಬಿಗಿ. ಜಾಸ್ತಿ ಬಿಗಿದರೆ ಪ್ಯಾಕಿಂಗ್ ಹಿಸುಕಿ ಮತ್ತೆ ಸೋರುತ್ತದೆ, ಇಲ್ಲವೇ ಅಲ್ಯೂಮಿನಿಯಂ ಹೆಡ್ಡಿನಲ್ಲಿ ಬೋಲ್ಟ್ ಕೂರುವ ಥ್ರೆಡ್ ಹೋಗುತ್ತದೆ. ಎಂಜಿನ್ ಒಳಗಿನ ಗಾಳಿಯ ಒತ್ತಡ ಹೊರಬಿಡುವ ಪಿಸಿವಿ ವಾಲ್ವ್ ಕಟ್ಟಿಕೊಂಡಿದ್ದರೆ ಎಂಜಿನ್ ಒಳಗೆ ಒತ್ತಡ ಹೆಚ್ಚಿ ಹೊಸ ಪ್ಯಾಕಿಂಗೂ ಉಳಿಯುವುದಿಲ್ಲ ಎಂದು ತಂದೆ ಅದನ್ನೂ ತೆಗೆಸಿ ನೋಡಿದರು. ಸರಿಯಾಗಿತ್ತು. ಮಧ್ಯಾಹ್ನದ ಊಟದ ಹೊತ್ತಿಗೆ ಕೆಲಸ ಮುಗಿಯಿತು. ಈಗ ವಾಸನೆ ಇಲ್ಲ, ರಟ್ಟಿನ ಮೇಲೆ ಹನಿ ಇಲ್ಲ, ಡಿಪ್‌ಸ್ಟಿಕ್ಕಿನಲ್ಲಿ ಆಯಿಲ್ ಇದ್ದಲ್ಲೇ ಇದೆ.

ಎಲ್ಲರೂ ಎಲ್ಲವನ್ನೂ ಮನೆಯಲ್ಲೇ ಮಾಡಿಕೊಳ್ಳಲಿ ಎಂದು ನಾನು ಹೇಳುತ್ತಿಲ್ಲ. ಬಾನೆಟ್ ಎತ್ತಿದರೆ ಕೈಗೆ ಸಿಗುವ ಪ್ಯಾಕಿಂಗ್ ಬೇರೆ, ಗಾಡಿಯ ಕೆಳಗೆ ಮಲಗಿ ಮಾಡುವ ಕೆಲಸ ಬೇರೆ. ಬರೀ ಜಾಕಿಯನ್ನು ನಂಬಿ ಯಾರೂ ಕಾರಿನ ಕೆಳಗೆ ಹೋಗಬಾರದು. ಆಯಿಲ್ ಚೇಂಬರಿನ ಡ್ರೈನ್ ಬೋಲ್ಟಿನ ಹತ್ತಿರ ಸೋರಿದರೆ ಬಹಳ ಸಲ ಹೊಸ ವಾಷರ್ ಸಾಕು. ಆದರೂ ಅದಕ್ಕೆ ಗಾಡಿ ಎತ್ತಲೇಬೇಕು, ಹಾಗಾಗಿ ನಾನು ಗ್ಯಾರೇಜಿಗೇ ಹೋಗುತ್ತೇನೆ. ಹಿಂದಿನ ಸೀಲ್, ಹೆಡ್ ಗ್ಯಾಸ್ಕೆಟ್, ಟೈಮಿಂಗ್ ಚೈನ್, ಇವಕ್ಕೆ ಲಿಫ್ಟ್ ಬೇಕು, ಹತ್ಯಾರ ಬೇಕು, ಕೈಪಳಗಿದವರು ಬೇಕು. ಅದಕ್ಕೇ ಜನ ನಿಮ್ಮ ಹತ್ತಿರ ಬರುತ್ತಾರೆ. ಗ್ರಾಹಕರು ಒಳಗೆ ಬಂದು ನೋಡಲಾಗದ ಕೆಲಸದಲ್ಲೇ ನಿಮ್ಮ ಮಾತಿಗೆ ಬೆಲೆ ಇರುವುದು. ನನ್ನ ವಿಷಯದಲ್ಲಿ ಆ ಮಾತು ಸುಳ್ಳಾಯಿತು. ಮತ್ತೆ ಇದು ಬರೀ ದುಡ್ಡಿನ ವಿಷಯವೂ ಅಲ್ಲ. ಎಣ್ಣೆ ಬಿಸಿ ಪೈಪಿನ ಮೇಲೆ ಬೀಳುತ್ತಲೇ ಇದ್ದ ಕಾರನ್ನು "ಸರಿಯಾಗಿದೆ" ಎಂದು ಕೊಟ್ಟು ಕಳಿಸಿದಿರಿ. ಆಯಿಲ್ಲಿನ ಕೆಂಪು ದೀಪ ಹತ್ತುವುದು ಆಯಿಲ್ ಒತ್ತಡ ಕುಸಿದ ಮೇಲೆ. ಅಷ್ಟರಲ್ಲಿ ಎಂಜಿನ್ನಿಗೆ ಪೆಟ್ಟು ಬಿದ್ದಿರಬಹುದು. ನಾನು ಬಾನೆಟ್ ಎತ್ತಿ ನೋಡುವವಳಾದ್ದರಿಂದ ಬಚಾವಾದೆ. ನಿಮ್ಮ ಮಾತು ಕೇಳಿ ಸುಮ್ನೆ ಓಡಿಸುವವರ ಗತಿ ಏನು?

ನನಗೆ ಬೇಕಾದದ್ದು ಇಷ್ಟು. ಆಯಿಲ್ ಮತ್ತು ಫಿಲ್ಟರಿನ ಹಣ ಬೇಡ, ಅದನ್ನು ಹೇಗೂ ಬದಲಿಸಬೇಕಿತ್ತು. ಉಳಿದದ್ದು, ತೆರಿಗೆ ಸೇರಿ ₹15,423, ವಾಪಸ್ ಬರಬೇಕು. ಕೌಂಟರಿನಲ್ಲಿ ಆಡಿದ ಮಾತಿಗೆ ಬರಹದಲ್ಲಿ ಕ್ಷಮೆ ಬೇಕು, ಫೋನಿನಲ್ಲಿ ಬೇಡ. "ಗ್ರಾಹಕರು ತೃಪ್ತರು" ಎಂಬ ಸಾಲನ್ನು ನನ್ನ ದಾಖಲೆಯಿಂದ ತೆಗೆಯಬೇಕು.

ಈ ಪತ್ರ ತಲುಪಿದ 15 ದಿನದೊಳಗೆ ಉತ್ತರ ಬರದಿದ್ದರೆ ಮೊದಲು 1915ಕ್ಕೆ, ಅಂದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ, ದೂರು ಕೊಡುತ್ತೇನೆ. ಅಲ್ಲಿಗೂ ಜಗ್ಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗ. 2019ರ ಗ್ರಾಹಕ ರಕ್ಷಣಾ ಕಾಯ್ದೆಯ ಸೆಕ್ಷನ್ 2(11) ಸೇವೆಯಲ್ಲಿನ ಕೊರತೆಯ ಬಗ್ಗೆ ಏನು ಹೇಳುತ್ತದೆ ಎಂಬುದು ನಿಮ್ಮ ವಕೀಲರಿಗೆ ಗೊತ್ತಿರುತ್ತದೆ. ಕೊರತೆಯ ಸೇವೆಗೆ ಪಡೆದ ಹಣವನ್ನು ಹಿಂತಿರುಗಿಸಲು ಒಪ್ಪದಿರುವುದನ್ನು ಅದೇ ಕಾಯ್ದೆಯ 2(47) ಅನ್ಯಾಯದ ವ್ಯಾಪಾರ ಪದ್ಧತಿ ಎನ್ನುತ್ತದೆ. ₹5 ಲಕ್ಷದವರೆಗಿನ ದೂರಿಗೆ ಶುಲ್ಕವಿಲ್ಲ. ವಕೀಲರನ್ನು ಇಡಲೇಬೇಕೆಂದಿಲ್ಲ, ನಾನೇ ವಾದಿಸಬಹುದು. ದೂರು ಹಾಕಲು 2 ವರ್ಷ ಸಮಯವಿದೆ. ಆಯೋಗದಲ್ಲಿ ಬರೀ ₹15,423 ಕೇಳುವುದಿಲ್ಲ. ಅವಮಾನಕ್ಕೂ, ಓಡಾಟಕ್ಕೂ ಪರಿಹಾರ ಕೇಳುತ್ತೇನೆ. ಮುರಿದ ಪ್ಯಾಕಿಂಗ್ ಅನ್ನು ಅಲ್ಲಿಯೇ ಮೇಜಿನ ಮೇಲೆ ಇಡುತ್ತೇನೆ. ಅವತ್ತಿನ ಸಿಸಿಟಿವಿ ದೃಶ್ಯವನ್ನು ಅಳಿಸಬೇಡಿ ಎಂದು ಈ ಪತ್ರದ ಮೂಲಕವೇ ನೋಟಿಸ್ ಕೊಡುತ್ತಿದ್ದೇನೆ. ಅಳಿಸಿದರೆ ಅದನ್ನೂ ಆಯೋಗದ ಮುಂದೆ ಹೇಳುತ್ತೇನೆ.

ಈ ಪತ್ರದ ಒಂದು ಪ್ರತಿಯನ್ನು ಕಾರು ತಯಾರಿಸುವ ಕಂಪನಿಯ ಗ್ರಾಹಕ ವಿಭಾಗಕ್ಕೆ ಸ್ಪೀಡ್ ಪೋಸ್ಟಿನಲ್ಲಿ ಕಳಿಸಿದ್ದೇನೆ.

ಇಂತಿ,
ಕಾರಿನ ಮಾಲೀಕಳು, ಓಡಿಸುವವಳೂ ನಾನೇ,
ಹಾಸನ