ಅಪ್ಪ, ಬೆಂಕಿಕಡ್ಡಿ ಹಿಡಿಯಲಿಲ್ಲ

ಗ್ಲಾಸ್ಗೊ
ಡಿಸೆಂಬರ್ 14

ತೀರ್ಥರೂಪ ಅಪ್ಪನಿಗೆ ನಮಸ್ಕಾರಗಳು.

ನಾನು ಇಲ್ಲಿ ಕ್ಷೇಮ. ಚಳಿ ಜಾಸ್ತಿ. ಮಧ್ಯಾಹ್ನ ಮೂರೂಮುಕ್ಕಾಲಿಗೇ ಸೂರ್ಯ ಮುಳುಗುತ್ತಾನೆ. ಅಮ್ಮ ಕಳಿಸಿದ ಅಪ್ಪೆಮಿಡಿ ಉಪ್ಪಿನಕಾಯಿ ಒಂದು ಹನಿಯೂ ಸೋರದೆ ಬಂದು ಮುಟ್ಟಿತು. ಉಳಿದ ಸಮಾಚಾರವೆಲ್ಲ ಫೋನಿನಲ್ಲಿ ಆಗಿದೆ. ಈ ಕಾಗದ ನನ್ನ ಗಿಟಾರಿನಿಂದ ಕಿತ್ತು ಬಂದ ಆ ಸ್ಕ್ರೂ ವಿಷಯಕ್ಕೆ. ಅವತ್ತು ನೀವು "ಸ್ವಲ್ಪ ದಪ್ಪ ಸ್ಕ್ರೂ ಹಾಕು, ಮುಗೀತು" ಅಂದಿರಿ. ನಾನು ಹೂಂ ಅಂದೆ. ಆದರೆ ಹಾಕಲಿಲ್ಲ. ಯಾಕೆ ಅಂತ ಫೋನಿನಲ್ಲಿ ಹೇಳಲು ಹೋದರೆ ನೀವು ಮಧ್ಯೆ ಬಾಯಿ ಹಾಕುತ್ತೀರಿ. ಕಾಗದವಾದರೆ ಪೂರ್ತಿ ಓದಲೇಬೇಕು, ಅಲ್ವಾ?

ಮೊದಲು ನಿಮ್ಮ ಪ್ರಶ್ನೆಗೆ ಉತ್ತರ. ನಾಲ್ಕೇ ತಂತಿ ಯಾಕೆ ಅಂತ ಕೇಳಿದ್ದಿರಲ್ಲ, ಇದು ಬೇಸ್ ಗಿಟಾರ್. ಹಾಡಿನ ಅಡಿಪಾಯದ ಸ್ವರ ಇದರದ್ದು. ಮೊದಲೆಲ್ಲ ಈ ಕೆಲಸಕ್ಕೆ ಆಳೆತ್ತರದ ಒಂದು ಪಿಟೀಲು ಇತ್ತು. ಅದನ್ನು ನೆಲಕ್ಕೆ ಊರಿ, ಪಕ್ಕದಲ್ಲಿ ನಿಂತು ನುಡಿಸಬೇಕಿತ್ತು. 1951ರಲ್ಲಿ ಅಮೆರಿಕದ ಲಿಯೋ ಫೆಂಡರ್ ಅದೇ ನಾಲ್ಕು ತಂತಿಯನ್ನು ಹೆಗಲಿಗೆ ಹಾಕಿಕೊಳ್ಳುವ ಗಿಟಾರಿಗೆ ತಂದ. ನನ್ನದು ಆ ಮಾದರಿಯ ನಕಲು. ಇಲ್ಲಿನ ಬಾರಾಸ್ ಸಂತೆಯಲ್ಲಿ ಕೊಂಡ ಹಳೆಯ ಮಾಲು. ತೂಕ ನಾಲ್ಕು ಕೇಜಿಗೆ ಮೇಲೆ. ಅಷ್ಟೂ ಭಾರ ಹೆಗಲ ಪಟ್ಟಿಯ ಮೇಲೆ. ಆ ಪಟ್ಟಿ ನಿಂತಿರುವುದು ಗಿಟಾರಿನ ಅಂಚಿನಲ್ಲಿರುವ, ಅಂಗಿಯ ಗುಂಡಿಯಂಥ ಎರಡು ಗುಂಡಿಗಳ ಮೇಲೆ. ಒಂದೊಂದು ಗುಂಡಿಗೆ ಒಂದೊಂದೇ ಸ್ಕ್ರೂ, ಒಂದಿಂಚು ಉದ್ದ.

ಗಿಟಾರಿನ ಮೈ ಮೇಲ್ಗಡೆ ಕೊಂಬಿನ ಹಾಗೆ ಚಾಚಿಕೊಂಡಿದೆ. ಆ ಕೊಂಬಿನ ತುದಿಯ ಸ್ಕ್ರೂ ಕಿತ್ತು ಬಂದದ್ದು ಅಭ್ಯಾಸದ ಮಧ್ಯೆ. ಪಟ್ಟಿ ಸಡಿಲವಾಯಿತು ಅಂತ ಗೊತ್ತಾಗುವಷ್ಟರಲ್ಲಿ ಗಿಟಾರ್ ಮಂಡಿಗೆ ತಾಗಿ ಪಾದದ ಮೇಲೆ ಕೂತಿತ್ತು. ಹೆಬ್ಬೆರಳಿನ ಉಗುರು ನೇರಳೆಹಣ್ಣಿನ ಬಣ್ಣಕ್ಕೆ ತಿರುಗಿದೆ. ಅಮ್ಮನಿಗೆ ಓದಿ ಹೇಳುವಾಗ ಇಷ್ಟು ಬಿಟ್ಟುಬಿಡಿ.

ಮನೆಗೆ ಬಂದು ಮೊದಲು ಮಾಡಿದ್ದು ನಿಮ್ಮ ವಿದ್ಯೆಯನ್ನೇ. ಕೊಟ್ಟಿಗೆ ಬಾಗಿಲಿನ ಕೀಲು ಸಡಿಲವಾದಾಗ ಮಾಡುತ್ತಿದ್ದಿರಲ್ಲ, ತೂತಿಗೆ ಎರಡು ಬೆಂಕಿಕಡ್ಡಿ ತುರುಕಿ, ಹೊರಗಿದ್ದದ್ದನ್ನು ಮುರಿದು, ಅದರ ಮೇಲೆ ಸ್ಕ್ರೂ. ನಾನು ಒಂದಿಷ್ಟು ಅಂಟನ್ನೂ ಹಾಕಿದೆ. ಗಟ್ಟಿಯಾಗಿ ಕೂತಿತು. ಹದಿನೈದು ದಿನ ಚೆನ್ನಾಗಿತ್ತು. ಆಮೇಲೆ ಒಂದು ದಿನ ಗುಂಡಿ ಬೆರಳಲ್ಲೇ ಗರಗರ ತಿರುಗಿತು. ಎಳೆದರೆ ಕಡ್ಡಿಯ ಹಿಟ್ಟಿನ ಜೊತೆ ಸ್ಕ್ರೂ ಕೈಗೇ ಬಂತು.

ಕೆಳಗಿನ ಮನೆಯಲ್ಲಿ ಒಬ್ಬ ಅಜ್ಜ ಇದ್ದಾನೆ, ಜೀವನವಿಡೀ ಬಡಗಿ ಕೆಲಸ ಮಾಡಿದವನು. ಅವನ ಮಾತು ನನಗೆ ಅರ್ಧವೇ ಅರ್ಥವಾಗುವುದು. ಗಿಟಾರನ್ನು ಮೇಜಿನ ಮೇಲೆ ಮಲಗಿಸಿ, ಮರದ ಎಳೆ ಯಾವ ಕಡೆ ಹೋಗಿದೆ ಅಂತ ಬೆರಳಲ್ಲಿ ಗೆರೆ ಎಳೆದು ತೋರಿಸಿದ. ಆಗ ತಲೆಗೆ ಹೋಯಿತು. ನಿಮ್ಮ ಬಾಗಿಲಿನಲ್ಲಿ ಸ್ಕ್ರೂ ಎಳೆಗೆ ಅಡ್ಡಲಾಗಿ ಇಳಿಯುತ್ತದೆ, ನಾರನ್ನು ಕಚ್ಚಿ ಹಿಡಿಯುತ್ತದೆ. ಮರವೂ ಸಾಗುವಾನಿ. ಗಿಟಾರಿನ ಕೊಂಬಿನಲ್ಲಿ ಹಾಗಲ್ಲ. ಎಳೆ ಕೊಂಬಿನ ಉದ್ದಕ್ಕೇ ಹರಿದಿದೆ, ಸ್ಕ್ರೂ ತುದಿಯಿಂದ ಅದೇ ದಿಕ್ಕಿನಲ್ಲಿ ಒಳಗೆ ಹೋಗುತ್ತದೆ. ಪೊರಕೆಯ ಬುಡಕ್ಕೆ ಇನ್ನೊಂದು ಕಡ್ಡಿ ಚುಚ್ಚಿದ ಹಾಗೆ. ಹಿಡಿತ ಕಮ್ಮಿ.

ಈಗ ನಿಮ್ಮ ದಪ್ಪ ಸ್ಕ್ರೂಗೆ ಬರುತ್ತೇನೆ. ಎಳೆಯ ದಿಕ್ಕಿನಲ್ಲೇ ದಪ್ಪನೆಯದನ್ನು ಬಿಗಿಯುತ್ತಾ ಹೋದರೆ ಅದು ಸ್ಕ್ರೂ ಅಲ್ಲ ಅಪ್ಪ, ಬೆಣೆ. ನೀವು ಸೌದೆ ಒಡೆಯುವುದು ಹೀಗೇ ತಾನೆ? ಕೊಂಬು ಸೀಳಿಬಿಟ್ಟರೆ ಮುಗೀತು ಕತೆ. ಇನ್ನೊಂದು, ದಪ್ಪ ಸ್ಕ್ರೂನ ತಲೆ ಆ ಗುಂಡಿಯ ಕುಳಿಯಲ್ಲಿ ಕೂರುವುದೂ ಇಲ್ಲ.

ಸರಿ, ಮಾಡಿದ್ದು ಇಷ್ಟು. ತೂತನ್ನು ದೊಡ್ಡದು ಮಾಡಿ, ಬೀಚ್ ಮರದ ಗೂಟ ಅಂಟಿಸಿ, ಗೂಟಕ್ಕೆ ಹೊಸ ತೂತು. ಇಲ್ಲಿ ಹಾರ್ಡ್‌ವೇರ್ ಅಂಗಡಿಯಲ್ಲಿ 6 ಮಿಲಿಮೀಟರ್ ದಪ್ಪದ ದುಂಡನೆಯ ಬೀಚ್ ಕೋಲು ಸಿಗುತ್ತದೆ. ಗಿಟಾರಿನ ಮರಕ್ಕಿಂತ ಎಷ್ಟೋ ಗಟ್ಟಿ. ಗಿಟಾರಿನ ಮೈ ಆಲ್ಡರ್ ಅನ್ನುವ ಮರದ್ದು ಅಂತ ಮಾರಿದವನು ಹೇಳಿದ್ದ. ನಮ್ಮ ಊರ ಕಡೆ ಅದಕ್ಕೆ ಹೆಸರು ಹೇಳೋಣ ಅಂದರೆ ಆ ಮರವೇ ಇಲ್ಲ. ಇಲ್ಲಿ ಹಳ್ಳದ ದಂಡೆಯಲ್ಲಿ ಬೆಳೆಯುತ್ತದೆ. ಹಗುರ, ಉಗುರೊತ್ತಿದರೆ ಗುರುತು ಬೀಳುವಷ್ಟು ಮೆತ್ತಗೆ. ನಮ್ಮ ಕಡೆ ವೀಣೆಗೆ ಹಲಸು ಹೇಗೋ, ಇವರಿಗೆ ಗಿಟಾರಿಗೆ ಇದು.

ಒಂದೇ ಸಲ 6 ಮಿಲಿಮೀಟರಿನ ಡ್ರಿಲ್ ಬಿಟ್ ಹಾಕಲು ಅಜ್ಜ ಬಿಡಲಿಲ್ಲ. ಮೊದಲು 4, ಆಮೇಲೆ 5, ಕೊನೆಗೆ 6. ತೂತಿನ ಸುತ್ತ ಕಾಗದದ ಟೇಪ್, ಬಣ್ಣ ಏಳದಿರಲಿ ಅಂತ. ಡ್ರಿಲ್ ಬಿಟ್‌ಗೂ ತುದಿಯಿಂದ 30 ಮಿಲಿಮೀಟರಿಗೆ ಸರಿಯಾಗಿ ಒಂದು ಸುತ್ತು ಟೇಪ್. ಟೇಪ್ ಮರಕ್ಕೆ ತಾಗಿದಾಗ ನಿಲ್ಲಿಸಬೇಕು. ತಿಳಿಗೆಂಪು ಹೊಟ್ಟು ಸುರುಳಿಯಾಗಿ ಹೊರಬಂತು. ಆ ಬಣ್ಣ ನೋಡಿ ಅಜ್ಜ ಆಲ್ಡರೇ ಹೌದು ಅಂತ ತಲೆಯಾಡಿಸಿದ. ಸದ್ಯ, ಮಾರಿದವನು ಸುಳ್ಳು ಹೇಳಿರಲಿಲ್ಲ.

ಗೂಟದ ಉದ್ದಕ್ಕೆ ಚಾಕುವಿನಿಂದ ಒಂದು ಸಣ್ಣ ಗೀರು ಹಾಕಿದ. ಅದು ಯಾಕೆ ಅಂತ ಕೇಳಿದೆ. ಗೀರಿಲ್ಲದಿದ್ದರೆ ಒಳಗಿನ ಗಾಳಿಗೆ, ಹೆಚ್ಚಾದ ಅಂಟಿಗೆ ಹೊರಬರಲು ದಾರಿಯೇ ಇರುವುದಿಲ್ಲ, ಗೂಟ ಅರ್ಧಕ್ಕೇ ನಿಲ್ಲುತ್ತದೆ. ಅಂಟು ನಮ್ಮ ಫೆವಿಕಾಲ್ ಥರದ್ದೇ ಬಿಳಿಯದು. ಎಳೆಗೆ ಎಳೆ ಒರಗಿ ಕೂರುವುದರಿಂದ ಇಂಥ ಕಡೆ ಅಂಟು ಚೆನ್ನಾಗಿ ಹಿಡಿಯುತ್ತದೆ. ಕೊಂಬಿಗೆ ಕೆಡುಕು ಮಾಡಿದ ದಿಕ್ಕೇ ಗೂಟಕ್ಕೆ ಒಳ್ಳೆಯದು ಮಾಡಿತು! ಮೆಲ್ಲಗೆ ಬಡಿದು ಕೂರಿಸಿ, ಸೋರಿದ ಅಂಟನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ, ಒಂದು ದಿನ ಪೂರ್ತಿ ಮುಟ್ಟಲಿಲ್ಲ. ಮುಟ್ಟಬೇಕು ಅನ್ನಿಸುತ್ತಿತ್ತು. ನಾಲ್ಕು ಸಲ ಹೋಗಿ ಸುಮ್ನೆ ನೋಡಿ ಬಂದೆ.

ಮರುದಿನ ಹೊರಗುಳಿದದ್ದನ್ನು ಗರಗಸದಲ್ಲಿ ಕೊಯ್ದು, ಉಳಿಯಿಂದ ಮಟ್ಟ ಮಾಡಿ, ನಡುವೆ 2.5 ಮಿಲಿಮೀಟರ್ ತೂತು ಹಾಕಿದೆವು. ಈ ಅಳತೆ ಸ್ಕ್ರೂನ ಒಳಗಿನ ದಂಡಿಗೆ ಸರಿಯಾಗಿರಬೇಕು, ಹೊರಗಿನ ಥ್ರೆಡ್ಡಿಗಲ್ಲ. ನಾನಾದರೆ ಥ್ರೆಡ್ ಅಳೆದು ಮತ್ತೆ ಲೂಸು ಮಾಡಿಡುತ್ತಿದ್ದೆ. ಸ್ಕ್ರೂಗೆ ಮೇಣದಬತ್ತಿ ಉಜ್ಜಿ, ಕೈಯಲ್ಲೇ ತಿರುಗಿಸಿದೆ. ಕೊನೆಯ ಎರಡು ಸುತ್ತಿಗೆ ಗೂಟ ಕಿರ್ ಅಂತ ಸಣ್ಣಗೆ ಸದ್ದು ಮಾಡಿತು. ಅಷ್ಟಕ್ಕೇ ನಿಲ್ಲಿಸಿದೆ. ಗುಂಡಿ ಒಂಚೂರು ಓರೆಯಾಗಿದೆ. ಆ ತೂತು ಹಾಕಿದ್ದು ನಾನು, ಅಜ್ಜ ಅಲ್ಲ. ಪಟ್ಟಿ ಹಾಕಿದರೆ ಕಾಣುವುದಿಲ್ಲ.

ನಿಮ್ಮ ವಿದ್ಯೆ ಪೂರ್ತಿ ದಂಡ ಅಂತಲ್ಲ. ಗಿಟಾರಿನ ಮುಂಭಾಗದ ಪ್ಲಾಸ್ಟಿಕ್ ತಗಡಿನ ಎರಡು ಸಣ್ಣ ಸ್ಕ್ರೂಗಳೂ ಲೂಸಾಗಿದ್ದವು. ಅಲ್ಲಿ ಭಾರ ಇಲ್ಲ. ಅವಕ್ಕೆ ಹಲ್ಲುಕಡ್ಡಿ ಮತ್ತು ಒಂದು ಹನಿ ಅಂಟು ಸಾಕಾಯಿತು. ಇಲ್ಲಿನ ಹಲ್ಲುಕಡ್ಡಿ ಬರ್ಚ್ ಮರದ್ದು, ಬೆಂಕಿಕಡ್ಡಿಗಿಂತ ಗಟ್ಟಿ.

ಅಜ್ಜನಿಗೆ ದುಡ್ಡು ಕೊಡಲು ಹೋದೆ, ತೆಗೆದುಕೊಳ್ಳಲಿಲ್ಲ. ಅಪ್ಪೆಮಿಡಿ ಒಂದು ಕೊಟ್ಟೆ. ಬಾಯಿಗಿಟ್ಟು ಸ್ವಲ್ಪ ಹೊತ್ತು ಮಾತೇ ಆಡಲಿಲ್ಲ. ಆಮೇಲೆ ಇನ್ನೊಂದು ಕೇಳಿದ. ಅಮ್ಮನಿಗೆ ಇದನ್ನು ಮಾತ್ರ ಖಂಡಿತ ಓದಿ ಹೇಳಿ.

ಕೊಟ್ಟಿಗೆ ಬಾಗಿಲಿನ ಮೇಲಿನ ಕೀಲು ಈಗಲೂ ಆ ಬೆಂಕಿಕಡ್ಡಿಯ ಮೇಲೇ ನಿಂತಿದೆಯಾ? ಅಲ್ಲಾಡಿಸಿ ನೋಡಿ, ಭಾನುವಾರ ಫೋನ್ ಮಾಡಿದಾಗ ಹೇಳಿ.

ಇಂತಿ ನಿಮ್ಮ ಮಗಳು,
ಪುಟ್ಟಿ