ಅದು ಸತ್ತಿರಲಿಲ್ಲ ಕಣೇ

ಹಾಸನ, ಭಾನುವಾರ

ಪುಟ್ಟಿ,

"ನಂಗೆ ಈ ಕೆಲಸ ಬರಲ್ಲಮ್ಮ, ರಾಜೀನಾಮೆ ಕೊಡ್ತೀನಿ" ಅಂತ ನಿನ್ನೆ ಫೋನ್ ಕುಕ್ಕಿಬಿಟ್ಟೆ. ನಾನೂ ಅಷ್ಟು ದನಿ ಏರಿಸಬಾರದಿತ್ತು, ಬೇಜಾರು ಮಾಡ್ಕೋಬೇಡ.

ಸರ್ವರ್ ಬರೆದಿಡೋ ಲಾಗ್ ಸೋಸೋಕೆ ನೀನು ಬಿಟ್ಟಿದ್ದ ಗ್ರೆಪ್, ಅದೇ ಸಾಲು ಹುಡುಕೋ ಕಮಾಂಡ್, ಒಂದಕ್ಷರ ಬರೀಲಿಲ್ಲ, ಸತ್ತಿದೆ ಅಂದ್ಕೊಂಡು ಕಿಲ್ ಮಾಡಿ ನಿಲ್ಲಿಸಿದೆ, ಸಿಕ್ಕಿದ್ದ ಸಾಲುಗಳೂ ಹೋದವು, ಎಲ್ಲರೆದುರು ಬೈಸಿಕೊಂಡೆ. ಇಷ್ಟೇ ತಾನೆ? ಟರ್ಮಿನಲ್‌ಗೆ ಅಂದರೆ ನಾವು ಕಮಾಂಡ್ ಹೊಡೆಯೋ ಪರದೆಗೆ ಬರೆಯುವಾಗ ಗ್ರೆಪ್ ಸಾಲು ಸಿಕ್ಕ ಹಾಗೆಲ್ಲ ಹೊರಗೆ ಹಾಕುತ್ತೆ. ಮುಂದೆ ಇನ್ನೊಂದು ಕಮಾಂಡಿಗೆ ಸುರಿಯೋ ಪೈಪ್ ಇದ್ದರೆ, ಸಾಲುಗಳನ್ನ ಕೂಡಿಟ್ಟುಕೊಳ್ಳೋ ಬಫರ್ ತುಂಬೋವರೆಗೂ, ಲಿನಕ್ಸ್‌ನಲ್ಲಿ ಸಾಮಾನ್ಯವಾಗಿ 4096 ಬೈಟ್, ಬಾಯಿ ಬಿಡಲ್ಲ. ಅಷ್ಟರಲ್ಲಿ ಕೊಂದರೆ ಒಳಗಿದ್ದದ್ದು ಅಲ್ಲೇ ಮಣ್ಣುಪಾಲು. ಸಾಲು ಸಾಲಾಗಿ ಹೊರಗೆ ಹಾಕು ಅನ್ನೋ ಲೈನ್-ಬಫರ್ಡ್ ಆಪ್ಷನ್ ಹಾಕಿದ್ದರೆ ಆಗ್ತಿತ್ತು.

ಇದು ನಿನಗೆ ಹೊಸದೇನಲ್ಲ, ಅದೇ ನನಗೆ ಸಂಕಟ. ಆಗ ನೀನು ಎಂಟನೇ ಕ್ಲಾಸಿನಲ್ಲಿದ್ದೆ. ಸಾಲಗಾಮೆ ರಸ್ತೆ ಮನೆ, ಹೊರಗೆ ಜಡಿಮಳೆ. ಎಲ್‌ಎಸ್ ಅನ್ನೋ ಕಮಾಂಡ್ ಕೊಟ್ಟರೆ ಫೈಲ್ ಹೆಸರುಗಳು ಬಣ್ಣಬಣ್ಣವಾಗಿ ಅಂಕಣ ಕಟ್ಟಿ ಕೂತವು. ಅದನ್ನೇ, ಬಂದದ್ದನ್ನ ಹಾಗೇ ತೋರಿಸೋ ಕ್ಯಾಟ್‌ಗೆ ಪೈಪ್ ಮಾಡಿದರೆ ಬಣ್ಣ ಮಾಯ, ಒಂದರ ಕೆಳಗೊಂದು. "ಯಾರೋ ನೋಡ್ತಿದ್ದಾರೆ ಅಂತ ಅದಕ್ಕೆ ಹ್ಯಾಗಮ್ಮ ಗೊತ್ತು?" ಅಂತ ನೀನು ಕೇಳಿದೆ. ನಾನು ಪಾಠ ಹೇಳೋ ಡಿಪ್ಲೊಮಾ ಹುಡುಗರು ಯಾರೂ ಕೇಳಿರದ ಪ್ರಶ್ನೆ! ಐಸ್‌-ಎ-ಟಿಟಿವೈ ಅನ್ನೋ ಫಂಕ್ಷನ್ ಕರೆದು, ಔಟ್‌ಪುಟ್ ಹೋಗೋ ಜಾಗ ಟರ್ಮಿನಲ್ಲೋ ಅಲ್ಲವೋ ನೋಡುತ್ತೆ ಅಂತ ನಾನಂದೆ. ನಿನಗೆ ಸಾಕಾಗಲಿಲ್ಲ. "ಹಂಗಾದ್ರೆ ಅದಕ್ಕೆ ಮೋಸ ಮಾಡಬೋದಾ?" ಸ್ಕ್ರಿಪ್ಟ್ ಅನ್ನೋ ಕಮಾಂಡಿನಲ್ಲಿ ಹುಸಿ ಟರ್ಮಿನಲ್ ಹುಟ್ಟಿಸಿ, ಅದರೊಳಗೆ ಎಲ್‌ಎಸ್ ಓಡಿಸಿ, ಹೊರಗಿಂದ ಕ್ಯಾಟ್‌ಗೆ ಪೈಪ್ ಮಾಡಿದೆವು. ಬಣ್ಣ, ಅಂಕಣ ಎಲ್ಲಾ ವಾಪಸ್. "ನಂಬಿಬಿಡ್ತು, ನಂಬಿಬಿಡ್ತು" ಅಂತ ನೀನು ಕುಣಿದೆ. ಹೆಂಚಿನ ಮೇಲಿದ್ದ ಅಕ್ಕಿರೊಟ್ಟಿ ಕರಕಲಾಯ್ತು, ನಿಮ್ಮಪ್ಪ ಮಾತಾಡದೆ ಅದನ್ನೇ ತಿಂದರು. ಆ ಹುಡುಗಿಗೆ ಕೆಲಸ ಬರಲ್ವಂತೆ!

ಇನ್ನು ಮೇಲೆ ಕಣ್ಣಿಗೆ ಕಂಡದ್ದನ್ನ ನೋಡಿ ಸ್ಕ್ರಿಪ್ಟ್ ಬರೀಬೇಡ. ಮೊದಲು ಕ್ಯಾಟ್‌ಗೆ ಪೈಪ್ ಮಾಡಿ ನೋಡು. ಹೊತ್ತಿಗೆ ಸರಿಯಾಗಿ ತಾನಾಗೇ ಕೆಲಸ ಓಡಿಸೋ ಕ್ರಾನ್‌ನಲ್ಲಿ ಓಡೋದಕ್ಕೆ ಯಾವಾಗಲೂ ಬಣ್ಣ ಹಾಕು, ಕಲರ್ ಆಲ್ವೇಸ್, ಅಂತ ಬಲವಂತ ಮಾಡಿದರೆ ಫೈಲ್ ತುಂಬ ಬಣ್ಣ ಹಚ್ಚೋ ಎಸ್ಕೇಪ್ ಕೋಡುಗಳ ಕಸ. ಬರೀ ಪೈಪ್ ಹಾಕಿದರೆ ಎರರ್‌ಗಳು ಅದರೊಳಗೆ ಹೋಗಲ್ಲ, ಅವುಗಳ ದಾರಿ ಬೇರೆ. ಮತ್ತೆ, ರಾತ್ರಿ ಎರಡಕ್ಕೆಲ್ಲ ಸರ್ವರ್ ಮುಟ್ಟಬೇಡ, ಹೊಟ್ಟೆಗೂ ಹಾಕಿರಲ್ಲ ನೀನು. ಪಾಠ ಶುರುಮಾಡಿದೆ ಅಂತೀಯ, ಅನ್ನು.

ಕೆಲಸ ಬಿಡೋದಾದ್ರೆ ಬಿಡು, ಆದರೆ ಈ ಬಫರ್ ನೆಪಕ್ಕೆ ಬೇಡ. ನಿಮ್ಮಪ್ಪ ನಾಳೆ ಬೆಳಗಿನ ಬಸ್ಸಿಗೆ ಬೆಂಗಳೂರಿಗೆ ಹೊರಡ್ತೀನಿ ಅಂತ ಆಗಲೇ ಬ್ಯಾಗ್ ತೆಗೆದಿದ್ದಾರೆ. ಬೇಡ ಅನ್ನೋದಾದ್ರೆ ಇವತ್ತೇ ಫೋನ್ ಮಾಡು.

ಅಮ್ಮ