ಪುಸ್ತಕ ಮುಚ್ಚಿಟ್ಟು ಓದು: ಗೆಳೆಯನಿಗೊಂದು ಪತ್ರ

ಪ್ರೀತಿಯ ಗೆಳೆಯಾ,

ನಿನ್ನ ಮೆಸೇಜ್ ಓದಿದೆ. ಕರ್ನಾಟಕ ಇತಿಹಾಸದ ಪುಸ್ತಕ ಮೂರು ಸಲ ಮುಗಿಸಿದ್ದೀಯ. ಆದರೂ ಕೆಎಎಸ್ ಮಾದರಿ ಪರೀಕ್ಷೆಗೆ ಕೂತಾಗ ಗೊತ್ತಿದ್ದ ಉತ್ತರವೇ ಹೊಳೆಯಲಿಲ್ಲ, ಚಾಲುಕ್ಯರ ಇಬ್ಬರು ವಿಕ್ರಮಾದಿತ್ಯರೂ ಕಲಸಿಹೋದರು ಅಂತ ಬೇಜಾರು ಮಾಡಿಕೊಂಡಿದ್ದೀಯ. ಸುಮ್ನೆ ನಿನ್ನ ತಲೆಯನ್ನು ಬೈಬೇಡ. ಓದುವ ಕ್ರಮ ಬದಲಾಗಬೇಕು, ಅಷ್ಟೆ.

ಅದೇ ಪುಟವನ್ನು ಮತ್ತೆ ಮತ್ತೆ ಓದಿದರೆ ಸಾಲುಗಳು ಪರಿಚಯವಾಗಿಬಿಡುತ್ತವೆ. ‘ಇದು ಗೊತ್ತು’ ಅನ್ನಿಸಿ ಮುಂದೆ ಹೋಗುತ್ತೇವೆ. ಆದರೆ ನೋಡಿದಾಗ ಗುರುತು ಸಿಗುವುದು ಬೇರೆ, ನೋಡದೆ ಹೇಳುವುದು ಬೇರೆ ಅಲ್ವಾ? 2006ರಲ್ಲಿ ಅಮೆರಿಕದ ರೋಡಿಗರ್ ಮತ್ತು ಕಾರ್ಪಿಕಿ ಎಂಬ ಮನಶ್ಶಾಸ್ತ್ರಜ್ಞರು ವಿದ್ಯಾರ್ಥಿಗಳಿಗೆ ಒಂದು ಪಾಠವನ್ನು ಎರಡು ಸಲ ಓದಿಸಿದರು. ಇನ್ನೊಂದನ್ನು ಒಮ್ಮೆ ಓದಿಸಿ, ನೆನಪಿದ್ದಷ್ಟನ್ನು ನೋಡದೆ ಬರೆಸಿದರು. ಐದು ನಿಮಿಷದ ನಂತರ ಕೇಳಿದಾಗ ಎರಡು ಸಲ ಓದಿದ್ದೇ ಹೆಚ್ಚು ನೆನಪಿತ್ತು. ವಾರ ಕಳೆದು ಕೇಳಿದಾಗ ಲೆಕ್ಕ ತಿರುಗಿತು. ಎರಡು ಸಲ ಓದಿದ್ದರಲ್ಲಿ ಉಳಿದದ್ದು ಶೇ 42, ಬರೆದು ನೋಡಿದ್ದರಲ್ಲಿ ಶೇ 56.

ಹಾಗಾಗಿ ಐಹೊಳೆ ಶಾಸನದ ಭಾಗ ಓದಿ ಮುಗಿಸಿದೆಯಾ, ಪುಸ್ತಕ ಮುಚ್ಚು. ಬರೆದವನು ಯಾರು, ಯಾವ ವರ್ಷ, ಯಾವ ರಾಜನನ್ನು ಹೊಗಳಿದ್ದಾನೆ, ಯಾರ ಸೋಲಿನ ಮಾತು ಬರುತ್ತದೆ? ಖಾಲಿ ಹಾಳೆಯಲ್ಲಿ ಬರೆ. ರವಿಕೀರ್ತಿ, 634, ಇಮ್ಮಡಿ ಪುಲಕೇಶಿ, ಹರ್ಷವರ್ಧನ. ಒಂದು ಹೊಳೆಯದಿದ್ದರೆ ತಕ್ಷಣ ಪುಸ್ತಕ ತೆರೆಯಬೇಡ, ಸ್ವಲ್ಪ ಹೊತ್ತು ತಡಕಾಡು. ಕಿರಿಕಿರಿಯಾಗುತ್ತದೆ, ಆದರೆ ನೆನಪು ಗಟ್ಟಿಯಾಗುವುದು ಆಗಲೇ. ಆಮೇಲೆ ತೆರೆದು ತಪ್ಪಿದ್ದನ್ನು ತಿದ್ದಿಕೊ.

ನಿನ್ನ ಇಬ್ಬರು ವಿಕ್ರಮಾದಿತ್ಯರ ಗೊಂದಲಕ್ಕೂ ದಾರಿ ಇದೆ. ಬಾದಾಮಿಯ ಚಾಲುಕ್ಯರನ್ನು ಒಂದು ವಾರ, ಕಲ್ಯಾಣದ ಚಾಲುಕ್ಯರನ್ನು ಇನ್ನೊಂದು ವಾರ ಓದಿದರೆ ಕಲಸುಮೇಲೋಗರವಾಗದೆ ಇನ್ನೇನು? ಒಂದೇ ದಿನ ಅಕ್ಕಪಕ್ಕ ಇಟ್ಟು ಪ್ರಶ್ನೆ ಹಾಕಿಕೊ. ಕಂಚಿಯ ಪಲ್ಲವರನ್ನು ಗೆದ್ದವನು ಯಾರು? ಪಟ್ಟದಕಲ್ಲಿನ ವಿರೂಪಾಕ್ಷ ದೇವಾಲಯ ಕಟ್ಟಿಸಿದ ಲೋಕಮಹಾದೇವಿ ಯಾರ ರಾಣಿ? ಎರಡಕ್ಕೂ ಉತ್ತರ ಬಾದಾಮಿಯ ಇಮ್ಮಡಿ ವಿಕ್ರಮಾದಿತ್ಯ. 1076ರಲ್ಲಿ ಹೊಸ ಶಕೆ ಶುರು ಮಾಡಿದವನು, ಕವಿ ಬಿಲ್ಹಣನಿಗೆ ಆಶ್ರಯ ಕೊಟ್ಟವನು ಕಲ್ಯಾಣದ ಆರನೇ ವಿಕ್ರಮಾದಿತ್ಯ. ಹೀಗೆ ಎದುರುಬದುರು ನಿಲ್ಲಿಸಿದರೆ ವ್ಯತ್ಯಾಸ ತಾನಾಗಿ ಕಾಣುತ್ತದೆ.

ಅದೇ ಪ್ರಶ್ನೆಗಳನ್ನು ಮಾರನೇ ದಿನ ನೋಡು, ನಾಲ್ಕು ದಿನ ಬಿಟ್ಟು ನೋಡು, ಆಮೇಲೆ ಎರಡು ವಾರಕ್ಕೊಮ್ಮೆ. ಓದನ್ನು ಒಂದೇ ದಿನ ತುಂಬಿಸುವುದಕ್ಕಿಂತ ಹಂಚಿದರೆ ಜಾಸ್ತಿ ಉಳಿಯುತ್ತದೆ ಅಂತ ಜರ್ಮನಿಯ ಮನಶ್ಶಾಸ್ತ್ರಜ್ಞ ಎಬ್ಬಿಂಗ್‌ಹೌಸ್ 1885ರಲ್ಲೇ ತೋರಿಸಿದ್ದ.

ಪ್ರಿಲಿಮ್ಸ್‌ನಲ್ಲಿ ತಪ್ಪು ಉತ್ತರಕ್ಕೆ ಅಂಕ ಕಳೆಯುತ್ತಾರಲ್ಲ, ಅದಕ್ಕೇ ಅರ್ಧಂಬರ್ಧ ಪರಿಚಯ ಅಪಾಯ. ಹಳೆಯ ಪ್ರಶ್ನೆಪತ್ರಿಕೆಗಳನ್ನು ಕೊನೆಗೆ ಅಂತ ಎತ್ತಿಡಬೇಡ, ಈ ವಾರವೇ ಶುರು ಮಾಡು. ಮತ್ತೆ ದಯವಿಟ್ಟು ನಿದ್ದೆಗೆಡಬೇಡ. ಓದಿದ್ದು ನೆಲೆಯಾಗುವುದಕ್ಕೆ ನಿದ್ದೆ ಬೇಕೇ ಬೇಕು.

ಭಾನುವಾರ ಸಂಜೆ ಫೋನ್ ಮಾಡುತ್ತೇನೆ. ಕದಂಬರಿಂದ ಹೊಯ್ಸಳರವರೆಗೆ ನಾನು ಕೇಳುತ್ತೇನೆ, ನೀನು ಪುಸ್ತಕ ದೂರ ಇಟ್ಟು ಹೇಳು.

ಇಂತಿ ನಿನ್ನ ಗೆಳೆಯ